ಮಾಬ್ಲನ ಡಬ್ಬಿ

ಮಾಬ್ಲೇಶ್ವರ ಅಂಬಿಗ ತನ್ನ ಜೀವಮಾನದಲ್ಲಿ ತಾನಾಗಿ ಮಾಡಿದ ವಸ್ತು ಒಂದೇ ಒಂದು. ಉಳಿದದ್ದೆಲ್ಲ ರಿಪೇರಿ. ಇಪ್ಪತ್ತು ವರ್ಷ ಬೇರೆಯವರು ಮಾಡಿದ ರೇಡಿಯೋ, ಟೇಪ್ ರೆಕಾರ್ಡರ್, ಟಿವಿಗಳ ಹೊಟ್ಟೆ ಬಿಚ್ಚಿ, ಸುಟ್ಟದ್ದನ್ನು ಕಿತ್ತು, ಹೊಸದನ್ನು ಬೆಸೆದು ಕೊಟ್ಟದ್ದಕ್ಕೆ ಊರು ಅವನ ಕೈಗುಣ ಒಳ್ಳೆಯದು ಎಂದಿತು. ತಾನಾಗಿ ಮಾಡಿದ ಆ ಒಂದಕ್ಕೆ ಅದೇ ಊರು ಏನೆಂದಿತು ಎಂಬುದನ್ನು ಹೇಳಲು ಹೊರಟಿದ್ದೇನೆ.

ಅವನ ಅಪ್ಪ ತದಡಿಯಲ್ಲಿ ತಾರಿ ದೋಣಿ ದಾಟಿಸುತ್ತಿದ್ದವ. ಅಜ್ಜನೂ ಅದೇ. ಮಾಬ್ಲನಿಗೆ ಮಾತ್ರ ನೀರು ಆಗಿಬರಲಿಲ್ಲ. ಹದಿನಾರರ ಪ್ರಾಯದಲ್ಲಿ ಮೊದಲ ಸಲ ಬೋಟು ಹತ್ತಿ ಮೀನಿಗೆ ಹೋದವನು ಹೊಳೆ ಸಮುದ್ರ ಸೇರುವ ಅಳಿವೆ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಬಲೆಯ ರಾಶಿಯ ಮೇಲೆ ಹೆಣದಂತೆ ಬಿದ್ದುಕೊಂಡಿದ್ದ. ‘ಅಂಬಿಗನ ಮಗನಿಗೆ ಸಮುದ್ರವೇ ಅಪಥ್ಯ’ ಎಂದು ತದಡಿ ನಕ್ಕಿತು. ನಗುವವರಿಗೇನು, ಹಲ್ಲು ಅವರದ್ದು. ಮಾಬ್ಲ ಕುಮಟೆಗೆ ಹೋಗಿ ರೇಡಿಯೋ ಕೆಲಸ ಕಲಿತ, ಮೀನು ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟ. ಇಬ್ಬರು ನಿಂತರೆ ಮೂರನೆಯವನು ಚರಂಡಿಯ ಮೇಲೆ ನಿಲ್ಲಬೇಕಾದಷ್ಟು ದೊಡ್ಡ ಅಂಗಡಿ ಅದು. ತದಡಿಯ ನೀಲಾಳನ್ನು ಮದುವೆಯಾದ. ಆದರೂ ಊರಿಗೆ ಹೋದಾಗಲೆಲ್ಲ ಆ ವಾಂತಿಯ ಕಥೆ ಯಾರ ಬಾಯಲ್ಲಾದರೂ ಇರುತ್ತಿತ್ತು. ಬೋಟಿನವರ ನಡುವೆ ಒಂದು ದಿನ ತಲೆಯೆತ್ತಿ ನಿಲ್ಲಬೇಕು ಎಂಬ ಆಸೆ ಅವನೊಳಗೆ ಬೂದಿಯೊಳಗಿನ ಕೆಂಡದ ಹಾಗೆ ಇತ್ತು. ಬಾಯಿಬಿಟ್ಟು ಹೇಳಿದವನಲ್ಲ.

ತೊಂಬತ್ತೆಂಟರ ಸುಮಾರಿಗೆ ತದಡಿಯ ಬೋಟುಗಳಿಗೆ ವಾಯರ್‌ಲೆಸ್ ಸೆಟ್ಟುಗಳು ಬಂದವು. ಬೋಟಿನಲ್ಲಿ ಎರಡು ಲಾರಿ ಬ್ಯಾಟರಿ ಜೋಡಿಸಿ ಇಪ್ಪತ್ನಾಲ್ಕು ವೋಲ್ಟು ಇರುತ್ತದೆ. ವಾಯರ್‌ಲೆಸ್ಸಿಗೆ ಬೇಕಾದದ್ದು ಹನ್ನೆರಡೇ. ಜನ ಸುಲಭದ ದಾರಿ ಹಿಡಿದು ಎರಡರಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆದರು. ಜೋಡಿ ಎತ್ತಿನಲ್ಲಿ ಒಂದನ್ನೇ ಮತ್ತೆ ಗಾಡಿಗೂ ಹೂಡಿದರೆ ಅದು ಎಷ್ಟು ದಿನ ಬಾಳೀತು? ಆ ಬ್ಯಾಟರಿ ಬೇಗ ಸಾಯುತ್ತಿತ್ತು, ಸಮುದ್ರದ ನಡುವೆ ಇಂಜಿನ್ನು ಸ್ಟಾರ್ಟ್ ಆಗುತ್ತಿರಲಿಲ್ಲ. ಈ ಫಜೀತಿ ಕೇಳಿದ ಮಾಬ್ಲ ಆರು ತಿಂಗಳು ಕೂತು ಒಂದು ಡಬ್ಬಿ ಮಾಡಿದ. ಎರಡೂ ಬ್ಯಾಟರಿಯಿಂದ ಸಮನಾಗಿ ತೆಗೆದುಕೊಂಡು, ಇಪ್ಪತ್ನಾಲ್ಕನ್ನು ಹನ್ನೆರಡು ಮಾಡಿ ಕೊಡುವ ಕನ್ವರ್ಟರು. ಹೆಚ್ಚಿದ್ದನ್ನು ಬಿಸಿ ಮಾಡಿ ಕಳೆಯುವ ಹಳೆಯ ಪದ್ಧತಿಯದಲ್ಲ. ಟಿವಿ ರಿಪೇರಿಯಲ್ಲಿ ನೋಡಿ ಕಲಿತ ಸ್ವಿಚಿಂಗ್ ಪದ್ಧತಿ. ಒಳಗೊಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಸಾವಿರಾರು ಸಲ ಹತ್ತಿ ಆರಿ, ಬೇಕಾದಷ್ಟನ್ನೇ ಎಳೆದು ಬೇಕಾದಷ್ಟನ್ನೇ ಕೊಡುತ್ತದೆ. ಹಾಗಾಗಿ ಡಬ್ಬಿ ಬಿಸಿಯಾಗುವುದಿಲ್ಲ. ಅಂಗಡಿಯಲ್ಲಿ ಇಡೀ ದಿನ ಓಡಿಸಿ ನೀಲಾಳ ಕೈ ಹಿಡಿದು ಅದರ ಮೇಲೆ ಇಡಿಸಿದ. “ಸತ್ತ ಮೀನಿಗಿಂತ ತಣ್ಣಗದೆ” ಎಂದಳು ಅವಳು. ಮಾಬ್ಲನಿಗೆ ಅಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ತದಡಿಯಲ್ಲಿ ಬೋಟಿನವರ ಸಂಘಕ್ಕೆ ಶಾಂತಾರಾಮನೇ ಹಿರಿತಲೆ. ಸ್ವಂತದ್ದೊಂದು ಟ್ರಾಲರ್ ಬೋಟು, ದೇವರ ಭಯ, ಜೋರು ದನಿ, ಇವು ಮೂರೂ ಇದ್ದ ಮನುಷ್ಯ. ನೀಲಾಳ ತಮ್ಮ, ಸಣ್ಣ ಎಂಬವನು, ಅವನ ಬೋಟಿನಲ್ಲೇ ಖಲಾಸಿ. ಸಣ್ಣನ ಮೂಲಕ ಮಾತು ಹೋಗಿ, ಶಾಂತಾರಾಮ ಒಪ್ಪಿದ. “ಆತು ಮಾಬ್ಲಾ. ಈ ಸೀಸನ್ ನನ್ನ ಬೋಟಲ್ಲಿ ನಡೀಲಿ. ಚಲೋ ನಡೆದ್ರೆ ಬಪ್ಪೂ ವರ್ಷ ಇಪ್ಪತ್ತೆರಡೂ ಬೋಟಿಗೆ ನೀನೇ ಮಾಡು.”

ಇಪ್ಪತ್ತೆರಡು ಬೋಟಿನಲ್ಲೂ ತನ್ನ ಡಬ್ಬಿ! ವಾಂತಿ ಮಾಡಿಕೊಂಡ ಹುಡುಗನ ಕಥೆಯನ್ನು ತದಡಿ ಅಲ್ಲಿಗೆ ಮರೆಯಬೇಕಾಗುತ್ತಿತ್ತು.

ತೊಂಬತ್ತೊಂಬತ್ತರ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಕೊಟ್ಟು ಬೋಟುಗಳು ನೀರಿಗಿಳಿದವು. ಶಾಂತಾರಾಮನ ಬೋಟಿನ ಕ್ಯಾಬಿನ್ನಿನಲ್ಲಿ ಹಲಗೆ ಹೊಡೆದು ಅಮ್ಮನವರ ಪಟ ಕೂರಿಸಿದರು. ಪಟಕ್ಕೆ ಬಣ್ಣದ ದೀಪದ ಮಾಲೆ ಬೇಕಲ್ಲ? ಶೃಂಗಾರ ಮಾಡಲು ಬಂದವನೊಬ್ಬ ಹಲಗೆಯ ಹಿಂದೆ ಬ್ಯಾಟರಿಯಿಂದ ಡಬ್ಬಿಗೆ ಹೋಗಿದ್ದ ದಪ್ಪ ತಂತಿಯನ್ನು ಕತ್ತರಿಸಿ, ಮಾಲೆಯ ತಂತಿಯನ್ನೂ ಸೇರಿಸಿ ತಿರುಚಿ, ಮೇಲೊಂದು ಟೇಪು ಸುತ್ತಿ, ಪ್ರಸಾದ ತಿಂದು ಹೋದ. ಮಾಬ್ಲ ಅದನ್ನು ಕಂಡಿರಲಿಲ್ಲ. ಅವನು ಡಬ್ಬಿಯನ್ನು ಕೂರಿಸಿ ಹಿಂದಿನ ದಿನವೇ ಕುಮಟೆಗೆ ಮರಳಿದ್ದ. ಶಾಂತಾರಾಮನ ಮನೆತನದಲ್ಲಿ ಒಂದು ಕಟ್ಟಳೆ. ಸೀಸನ್ನಿನ ಮೊದಲ ದಿನ ಕೂರಿಸಿದ ಪಟವನ್ನು ಮಳೆಗಾಲಕ್ಕೆ ಬೋಟು ದಡ ಹತ್ತುವವರೆಗೆ ಅಲುಗಿಸಬಾರದು. ಶುಕ್ರವಾರ ಶುಕ್ರವಾರ ಪಟದೆದುರು ಕಾಯಿ ಒಡೆದು ಅದರ ನೀರು ಚಿಮುಕಿಸಬೇಕು. ಚಿಮುಕಿಸಿದ್ದು ಹಲಗೆಯ ಸಂದಿನಿಂದ ಇಳಿದು ಎಲ್ಲಿ ಹೋಗುತ್ತದೆಂದು ಯಾರು ನೋಡುತ್ತಾರೆ?

ಎರಡು ತಿಂಗಳು ಎಲ್ಲ ಸುಸೂತ್ರ. ದೀಪಾವಳಿ ಕಳೆದದ್ದೇ ಶಾಂತಾರಾಮ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದ. “ಎಂತ ಮಾರಾಯಾ ಇದು? ಮೈಕು ಒತ್ತಿ ನಾಲ್ಕು ಮಾತಾಡೂದ್ರೊಳಗೆ ರೊಟ್ಟಿ ಸುಡೂ ಹೆಂಚಾಗ್ತದೆ.”

ಮಾಬ್ಲ ಬೆಂಚಿನ ಮೇಲಿಟ್ಟು ಓಡಿಸಿದ. ತಣ್ಣಗಿತ್ತು. ಅನುಮಾನಕ್ಕೆ ಟ್ರಾನ್ಸಿಸ್ಟರು ಬದಲಿಸಿದ. ಬೋಟಿಗೆ ಹೋಯಿತು, ಬಿಸಿಯಾಯಿತು, ಮರಳಿ ಬಂತು. ಡಯೋಡು ಬದಲಿಸಿದ, ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದ, ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದ. ಅಂಗಡಿಯಲ್ಲಿ ಸಾಧು, ಬೋಟಿನಲ್ಲಿ ಬೆಂಕಿ. ಮೂರು ವಾರ ಹೀಗೇ ಕಳೆದು, ಅವನಿಗೆ ಊಟ ಸೇರದಾಯಿತು. ನೀಲಾ ಗಂಜಿಯ ತಟ್ಟೆ ಮುಂದಿಟ್ಟು ಹೇಳಿದಳು: “ಇಲ್ಲಿ ತಣ್ಣಗೆ, ಅಲ್ಲಿ ಬಿಸಿ ಅಂದ್ರೆ ಡಬ್ಬಿ ಎಂತಕೆ ಬಿಚ್ಚುದು? ಬೋಟು ಬಿಚ್ಚಿ ನೋಡಿ.”

ಇಪ್ಪತ್ತು ವರ್ಷ ಬೆಸುಗೆಯ ಕಬ್ಬಿಣ ಕಾಯಿಸಿದವನಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಮರುದಿನ ಮೀಟರು ತೆಗೆದುಕೊಂಡು ತದಡಿಗೆ ಹೋದ. ಬೋಟು ದಡದ ಧಕ್ಕೆಗೆ ಕಟ್ಟಿ ನಿಂತಿತ್ತು. ನಿಂತ ಬೋಟನ್ನೂ ಅವನು ಕಂಬ ಹಿಡಿದುಕೊಂಡೇ ಹತ್ತಿದ. ಸಣ್ಣನೇ ಟಾರ್ಚು ಹಿಡಿದು ಬೆಳಕು ಬಿಟ್ಟ. ಬ್ಯಾಟರಿಗಳ ಬುಡದಲ್ಲಿ ಅಳೆದರೆ ಇಪ್ಪತ್ನಾಲ್ಕೂವರೆ. ಕ್ಯಾಬಿನ್ನಿನಲ್ಲಿ ಡಬ್ಬಿಯ ಬಾಯಲ್ಲಿ ಅಳೆದರೆ ಇಪ್ಪತ್ನಾಲ್ಕು. ಇಲ್ಲಿಯವರೆಗೆ ಸರಿ. “ಈಗ ಮೈಕು ಒತ್ತು” ಎಂದ. ಸಣ್ಣ ಒತ್ತಿದ. ಮೀಟರಿನ ಮುಳ್ಳು ಹದಿನಾಲ್ಕಕ್ಕೆ ಬಿತ್ತು.

ಮಾಬ್ಲ ಅಲ್ಲೇ ಕೂತುಬಿಟ್ಟ. ಹತ್ತು ವೋಲ್ಟು ದಾರಿಯಲ್ಲೇ ಮಾಯ! ಡಬ್ಬಿ ಹಟದ್ದು. ಹನ್ನೆರಡು ಕೊಡುತ್ತೇನೆಂದರೆ ಕೊಟ್ಟೇ ತೀರಬೇಕು ಅದಕ್ಕೆ. ಬರುವ ವೋಲ್ಟು ಇಳಿದರೆ ಕರೆಂಟು ಹೆಚ್ಚು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ದಾರಿಯಲ್ಲಿ ಎಲ್ಲೋ ಇರುವ ಕೆಟ್ಟ ಜಾಯಿಂಟಿನಲ್ಲಿ ವೋಲ್ಟು ಮತ್ತಷ್ಟು ಇಳಿಯುತ್ತದೆ, ಅದಕ್ಕೆ ಡಬ್ಬಿ ಮತ್ತಷ್ಟು ಎಳೆಯುತ್ತದೆ. ಕಡೆಗೆ ಟ್ರಾನ್ಸಿಸ್ಟರು ಪೂರ್ತಿ ಹತ್ತಲಾರದೆ ಪೂರ್ತಿ ಆರಲಾರದೆ ನಡುವೆ ನಿಂತು ಬೇಯುತ್ತದೆ. ತಪ್ಪು ಡಬ್ಬಿಯದಲ್ಲ, ಹೊಟ್ಟೆಗಿಲ್ಲದೆ ದುಡಿಸಿದವರದ್ದು. ತಂತಿಯ ಜಾಡು ಹಿಡಿದು ಹೋದ ಅವನ ಬೆರಳು ಅಮ್ಮನವರ ಹಲಗೆಯ ಬುಡಕ್ಕೆ ಬಂದು ನಿಂತಿತು. ಹಲಗೆ ಮುಟ್ಟಿದರೆ ಬೆಚ್ಚಗಿತ್ತು.

“ಶಾಂತಾರಾಮಣ್ಣ, ಕೆಟ್ಟದ್ದು ಈ ಹಲಗೆ ಹಿಂದೆ ಅದೆ. ಪಟ ಒಂದು ಗಳಿಗೆ ತೆಗೀಲಕ್ಕಾ?”

ಶಾಂತಾರಾಮ ಅವನನ್ನು ಮೇಲಿಂದ ಕೆಳಗೆ ನೋಡಿದ. “ಡಬ್ಬಿ ನಿಂದು ಬಿಸಿ ಆಪೂದು. ಪಟ ಅಮ್ಮಂದು ತೆಗೆಯೂದನಾ?”

“ಹಾಂಗಾರೆ ಬೇರೆ ತಂತಿ ಎಳೀತೆ. ಒಂದು ತೂತು ಕೊರೆದ್ರೆ ಸಾಕು.”

“ನೀರಲ್ಲಿದ್ದ ಬೋಟಿಗೆ ಯಾರಾದ್ರೂ ತೂತು ಕೊರೀತ್ರನಾ ಮಾಬ್ಲಾ? ನೀನೂ ಅಂಬಿಗ್ರ ಹೊಟ್ಟೇಲಿ ಹುಟ್ಟಿದವನೇ ಹೌದಾ?”

ಆ ಮಾತು ನಾಟಬೇಕಾದಲ್ಲೇ ನಾಟಿತು. ಧಕ್ಕೆಯ ಮೇಲೆ ನಿಂತಿದ್ದ ಇಬ್ಬರು ನಕ್ಕರು. ಮಾಬ್ಲ ಮೀಟರು ಎತ್ತಿಕೊಂಡು ಇಳಿದ.

ಅಂಗಡಿಗೆ ಮರಳಿ, ಕರೆಂಟಿನ ಒಲೆಯ ಸುರುಳಿಯ ತುಂಡೊಂದನ್ನು ತಂತಿಯ ನಡುವೆ ಸೇರಿಸಿ ಬೇಕೆಂದೇ ವೋಲ್ಟು ಕಮ್ಮಿ ಮಾಡಿ ಓಡಿಸಿದ. ಬೆಂಚಿನ ಮೇಲೂ ಡಬ್ಬಿ ಬೆಂಕಿಯಾಯಿತು. ಅವನ ಲೆಕ್ಕ ಸರಿಯಿತ್ತು. ಹಾಗಾದರೆ ಮದ್ದೂ ಅವನಿಗೆ ಗೊತ್ತಿತ್ತು: ಬರುವ ವೋಲ್ಟು ಹದಿನೆಂಟಕ್ಕಿಂತ ಕೆಳಗಿಳಿದರೆ ಡಬ್ಬಿ ತಾನಾಗಿ ಕಣ್ಣು ಮುಚ್ಚಿಕೊಳ್ಳುವಂತೆ ಒಂದು ಸಣ್ಣ ಏರ್ಪಾಡು. ಅದನ್ನು ಹಾಕಿ ಕೊಟ್ಟ. ಡಬ್ಬಿ ಉಳಿಯಿತು. ಆದರೆ ಶಾಂತಾರಾಮ ಮೈಕು ಒತ್ತಿದಾಗಲೆಲ್ಲ ವಾಯರ್‌ಲೆಸ್ಸು ಬಂದ್ ಆಗತೊಡಗಿತು. ಅದೇ ಸರಿಯಾದದ್ದು. ಬಂದ್ ಆದರೆ ತಾನೇ ಮನುಷ್ಯ ಹಲಗೆ ಬಿಚ್ಚುವುದು?

ಎರಡೇ ದಿನಕ್ಕೆ ಶಾಂತಾರಾಮ ಸಂಘದ ಇಬ್ಬರನ್ನು ಕರೆದುಕೊಂಡು ಬಂದ. “ಮೊದಲು ಬಿಸಿ ಆದ್ರೂ ಮಾತಾಡ್ತಿತ್ತು. ಈಗ ಪೂರಾ ಮೂಗ. ಇಂಥದ್ದು ಇಪ್ಪತ್ತೆರಡು ತಕಂಡು ನಾವು ಎಂತ ಮಾಡೂದು?”

ಮಾಬ್ಲ ಅತ್ತ ಇತ್ತ ನೋಡಿದ. ಇಪ್ಪತ್ತೆರಡು ಬೋಟು ಕಣ್ಣೆದುರು ಅಳಿವೆ ದಾಟಿ ಕೈತಪ್ಪಿ ಹೋದಂತಾಯಿತು. ಕಬ್ಬಿಣ ಕಾಯಿಸಿ, ಅವರೆದುರೇ ಆ ಏರ್ಪಾಡನ್ನು ಕಿತ್ತು ತೆಗೆದ. ಬಿಸಿ ಹೀರಲು ಹಿಂದೆ ಅಂಗೈ ದಪ್ಪದ ಅಲ್ಯುಮಿನಿಯಂ ಪ್ಲೇಟು ಬಿಗಿದ. “ಸ್ವಲ್ಪ ಸ್ವಲ್ಪವೇ ಮಾತಾಡಿ, ನಡುವೆ ಬಿಟ್ಟು ಬಿಟ್ಟು” ಎಂದ. ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ. ಮಳೆಗಾಲದವರೆಗೆ ಹೇಗೋ ತಳ್ಳಿದರೆ ಹಲಗೆ ತಾನಾಗಿ ಬಿಚ್ಚುತ್ತಾರೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹೊರಟವನಿಗೆ ಕೊನೆಗೆ ಉಳಿಯುವುದು ಹಾವು.

ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಶಾಂತಾರಾಮನ ಬೋಟು ಭಟ್ಕಳದಾಚೆ ಆಳದಲ್ಲಿತ್ತು. ಮಧ್ಯಾಹ್ನ ಬಲೆಯ ಹಗ್ಗ ಬೋಟಿನಡಿಯ ಪಂಖಕ್ಕೆ ಸುತ್ತಿಕೊಂಡು ಇಂಜಿನ್ನು ನಿಂತಿತು. ಹಗ್ಗ ಸುತ್ತುವ ವಿಂಚನ್ನು ಕೈಯಿಂದ ತಿರುಗಿಸಿ ಎಳೆಯುವಾಗ ಸಣ್ಣನ ಬಲಗೈ ಹಗ್ಗದ ಜೊತೆಗೇ ಒಳಗೆ ಹೋಯಿತು. ಶಾಂತಾರಾಮ ಮೈಕು ಹಿಡಿದು ಕೂಗಿದ. ರಕ್ತ ಹರಿಯುವುದನ್ನು ನೋಡುತ್ತ ಯಾರು ಸ್ವಲ್ಪ ಸ್ವಲ್ಪವೇ ಮಾತಾಡುತ್ತಾರೆ? ಅರ್ಧ ನಿಮಿಷಕ್ಕೆ ಡಬ್ಬಿಯಿಂದ ಹೊಗೆ ಬಂತು, ವಾಯರ್‌ಲೆಸ್ಸು ಸತ್ತಿತು. ಬೋಟು ಎಲ್ಲಿದೆ ಎಂದು ಹೇಳುವಷ್ಟರೊಳಗೇ ಸತ್ತಿತು. ಸಣ್ಣನ ಕೈಗೆ ಹೆಗಲ ಬೈರಾಸು ಬಿಗಿದು ಅವರು ಅಲೆಯ ಮೇಲೆ ತೇಲಿದರು. ಮರುದಿನ ಬೆಳಿಗ್ಗೆ ಭಟ್ಕಳದ ಬೋಟೊಂದು ಕಂಡು ದಡಕ್ಕೆ ತಂದಿತು. ಅಲ್ಲಿಂದ ಹೊನ್ನಾವರದ ಆಸ್ಪತ್ರೆ. ‘ನಿನ್ನೆ ಸಂಜೆಯೊಳಗೆ ತಂದಿದ್ದರೆ ನೋಡಬಹುದಿತ್ತು’ ಎಂದ ಡಾಕ್ಟರು ಮೊಣಕೈಯಿಂದ ಕೆಳಗಿನದ್ದನ್ನು ತೆಗೆದ.

ಆಸ್ಪತ್ರೆಯ ಜಗುಲಿಯಲ್ಲಿ ನೀಲಾಳ ತಾಯಿ ಬಂಗಾರಿ ಅಳಿಯನನ್ನು ಕಂಡು ಎದ್ದು ನಿಂತಳು. ಅತ್ತೆ ಅಳಿಯನಿಗೆ ಎದುರು ಮಾತಾಡುವ ಪದ್ಧತಿ ಇಲ್ಲ. ಮಗಳ ಕಡೆ ತಿರುಗಿ ಹೇಳಿದಳು: “ನಿನ್ನ ಗಂಡನ ಡಬ್ಬಿ ನನ್ನ ಮಗನ ಕೈ ತಿಂತು. ಇನ್ನು ನನ್ನ ಬಾಗಿಲಿಗೆ ನೀವು ಬಪ್ಪೂದು ಬ್ಯಾಡ.”

ಮಾಬ್ಲ ಸಣ್ಣನ ಮಂಚದ ಕಡೆ ನೋಡಿದ. ಮೀಟರಿನ ಮುಳ್ಳು ಬಿದ್ದದ್ದನ್ನು ಕಣ್ಣಾರೆ ಕಂಡವನು ಸಣ್ಣ. ಹಲಗೆಯ ಮಾತು ನಡೆದಾಗ ಬೆಳಕು ಹಿಡಿದು ಪಕ್ಕದಲ್ಲೇ ನಿಂತಿದ್ದವನು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ.

ಊರ ಬಾಯಿಗೆ ಇನ್ನೇನು ಬೇಕು? ಡಬ್ಬಿ ಸುಟ್ಟಿತು, ಕೈ ಹೋಯಿತು. ಸುಟ್ಟ ಡಬ್ಬಿಯನ್ನು ಶಾಂತಾರಾಮ ಸಂಘದ ಕೋಣೆಯಲ್ಲಿ ಮೊಳೆ ಹೊಡೆದು ನೇತುಹಾಕಿದ, ಬಂದವರೆಲ್ಲ ನೋಡಲಿ ಎಂದು. ಮಾಬ್ಲ ಒಮ್ಮೆ ಹೋಗಿ ಜಾಯಿಂಟಿನ ಮಾತು ಎತ್ತಿದ. “ಅಂದ್ರೆ ಅಮ್ಮಂದು ತಪ್ಪು ಅಂತ್ಯನಾ?” ಎಂದು ಯಾರೋ ಕೇಳಿದರು. ದೇವರ ಮೇಲೆ ದೂರು ಹೇಳಿದವನೆಂಬ ಇನ್ನೊಂದು ಹೆಸರು ಕಟ್ಟಿಕೊಂಡು ಕುಮಟೆಗೆ ಮರಳಿದ. ಮುಂದಿನ ಸೀಸನ್ನಿಗೆ ಮಂಗಳೂರಿನಿಂದ ಕಂಪನಿಯ ಕನ್ವರ್ಟರುಗಳು ಬಂದವು. ಶಾಂತಾರಾಮನ ಬೋಟಿನಲ್ಲಿ ಅದು ಒಂದು ದಿನವೂ ಬಿಸಿಯಾಗಲಿಲ್ಲವಂತೆ. ‘ಕಂಪನಿ ಮಾಲು ಅಂದ್ರೆ ಕಂಪನಿ ಮಾಲೇ’ ಎಂದು ಜನ ಹೇಳಿದ್ದು ಅಂಗಡಿಯವರೆಗೂ ಬಂತು. ವಾಂತಿಯ ಕಥೆಯನ್ನು ತದಡಿ ಮರೆತದ್ದು ಹೌದು. ಅದರ ಜಾಗಕ್ಕೆ ಇದು ಬಂತು.

ಆರು ವರ್ಷ ನೀಲಾ ಚೌತಿಗೂ ತವರಿಗೆ ಹೋಗಲಿಲ್ಲ. ಗಂಡನನ್ನು ದೂರಿ ಒಂದು ಮಾತು ಆಡಲಿಲ್ಲ. ಆಡಿದ್ದರೆ ಮಾಬ್ಲನಿಗೆ ಹಗುರಾಗುತ್ತಿತ್ತೋ ಏನೋ. ಅಷ್ಟರಲ್ಲಿ ಟಿವಿ ಕೆಟ್ಟರೆ ರಿಪೇರಿ ಮಾಡಿಸುವವರೂ ಕಮ್ಮಿಯಾದರು. ಓಣಿಯ ಆಚೆ ಈಚೆ ಮೊಬೈಲಿನ ಅಂಗಡಿಗಳೆದ್ದವು. ಮಾಬ್ಲ ತಾನಾಗಿ ಇನ್ನೊಂದು ವಸ್ತು ಮಾಡಲಿಲ್ಲ.

ಎರಡು ಸಾವಿರದ ಐದರ ಮಾರ್ಗಶಿರದಲ್ಲಿ ಬಂಗಾರಿ ತೀರಿಕೊಂಡಳು. ಸತ್ತ ಮೇಲೆ ಬಾಗಿಲಿಗೆ ಬರಬೇಡ ಎನ್ನುವವರು ಯಾರೂ ಇರಲಿಲ್ಲ. ಹನ್ನೆರಡನೆಯ ದಿನದ ಊಟ ಮುಗಿದು ನೀಲಾ ಹೆಂಗಸರ ಜೊತೆ ಕೂತಿದ್ದಾಗ ಸಣ್ಣ ಮಾಬ್ಲನ ಹತ್ತಿರ ಬಂದ. “ಬಾವ, ನಮ್ಮ ಬದಿಗೆ ಬಂದು ಒಂದು ಕವಳ ಹಾಕ್ಕಂಡು ಹೋಗು.” ಶಾಂತಾರಾಮ ಅವನಿಗೆ ಬಲೆ ಇಡುವ ಕೊಟ್ಟಿಗೆಯ ಕಾವಲು ಕೊಟ್ಟಿದ್ದ. ಇರುವುದಕ್ಕೆ ಅದರಲ್ಲೇ ಒಂದು ಕೋಣೆ, ಶಾಂತಾರಾಮನ ಮನೆಯಿಂದ ಎರಡು ಹೊತ್ತು ಊಟ.

ಕೋಣೆಯಲ್ಲಿ ರೇಡಿಯೋ ಹಾಡುತ್ತಿತ್ತು. ಕರೆಂಟು ಹೋಗಿತ್ತು, ಆದರೂ ಹಾಡುತ್ತಿತ್ತು, ಮೇಲೊಂದು ಸಣ್ಣ ದೀಪವೂ ಉರಿಯುತ್ತಿತ್ತು. ಮಾಬ್ಲನ ಕಣ್ಣು ಅಭ್ಯಾಸದಂತೆ ತಂತಿಯ ಜಾಡು ಹಿಡಿದು ಹೋಯಿತು. ಮೂಲೆಯಲ್ಲಿ ಬೋಟಿನಿಂದ ತೆಗೆದ ಹಳೆಯ ಲಾರಿ ಬ್ಯಾಟರಿ ಎರಡು. ಪಕ್ಕದ ಹಲಗೆಯ ಮೇಲೆ ಅವನ ಡಬ್ಬಿ. ಅಂಗೈ ದಪ್ಪದ ಪ್ಲೇಟು ಹಾಗೇ ಇತ್ತು, ಅವನೇ ಬಿಗಿದ ನಾಲ್ಕು ಬೋಲ್ಟುಗಳ ಸಮೇತ.

“ಸಂಘದೋರು ಎಸೆದಿದ್ರು” ಎಂದ ಸಣ್ಣ, ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚಲು ಒದ್ದಾಡುತ್ತ. “ಹೊನ್ನಾವರದಲ್ಲಿ ಒಬ್ನಿಗೆ ತೋರ್ಸಿದೆ. ಒಂದೇ ಒಂದು ಟ್ರಾನ್ಸಿಸ್ಟರು ಸುಟ್ಟು ಹೋಗ್ಯದೆ ಅಂದ, ಹಾಕಿ ಕೊಟ್ಟ. ಇದು ಯಾರು ಮಾಡಿದ್ದು ಕೇಳ್ದ, ಕೆಲಸ ಬಲ್ಲವನೇ ಮಾಡಿದ್ದು ಅಂದ.”

ಮಾಬ್ಲ ಡಬ್ಬಿಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ.

“ಒಂದಿನವೂ ಬಿಸಿ ಆಗ್ಲಿಲ್ಲ ಬಾವ” ಎಂದ ಸಣ್ಣ. ಅವನ ಕಣ್ಣು ಬಾಗಿಲ ಕಡೆಗಿತ್ತು. “ಆ ವರ್ಷ ಮಳೆಗಾಲಕ್ಕೆ ಬೋಟು ದಡಕ್ಕೆ ತಂದಾಗ ಹಲಗೆ ಬಿಚ್ಚಿದ್ರು. ನಾನೂ ಇದ್ದಿದ್ದೆ. ಜಾಯಿಂಟು ಹಸೂರು ಪಾಚಿ ಕಟ್ಟಿ ಪುಡಿ ಪುಡಿ ಆಗಿತ್ತು. ಶಾಂತಾರಾಮಣ್ಣ ಕಂಡ, ನಾನೂ ಕಂಡೆ. ಅಂವ ಕತ್ತರ್ಸಿ ಸಮುದ್ರಕ್ಕೆ ಹೊಡೆದ. ಹೊಸ ತಂತಿ ಎಳೆಸಿ ಆದ್ಮೇಲೇ ಕಂಪನಿ ಡಬ್ಬಿ ಕೂರ್ಸಿದ್ದು.”

“ನೀ ಹೇಳೂಕಾಗಿತ್ತು ಸಣ್ಣಾ. ನಿನ್ನ ಅಮ್ಮಂಗಾದ್ರೂ.”

ಸಣ್ಣ ಕವಳವನ್ನು ಬಾಯಿಗೆ ಹಾಕಿಕೊಂಡ, ಅಗಿಯಲಿಲ್ಲ. “ಕೈ ಹೋತು ಬಾವ. ಬಾಯಿ ಒಂದು ಉಳ್ಕಂಡದೆ. ಅದಕ್ಕೆ ಅನ್ನ ಹಾಕೂದು ಶಾಂತಾರಾಮಣ್ಣ.”

ಮಾಬ್ಲನ ಎದೆಯಲ್ಲಿ ಆರು ವರ್ಷದ್ದೆಲ್ಲ ಒಟ್ಟಿಗೆ ಎದ್ದು ಬಂತು. ಈಗಲೇ ಎದ್ದು ಹೋಗಿ, ಊಟ ಮಾಡಿ ಎಲೆ ಎತ್ತುತ್ತಿರುವ ಊರಿನ ನಡುವೆ ನಿಂತು ಕೂಗಿ ಹೇಳಬೇಕೆನಿಸಿತು. ಶಾಂತಾರಾಮ ಅಲ್ಲೇ ಇದ್ದ, ಅವನ ಜೋರು ದನಿ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಕೂಗಿದರೆ ನಾಳೆ ಈ ಕೋಣೆಯ ಬಾಗಿಲಿಗೆ ಬೇರೆ ಬೀಗ ಬೀಳುತ್ತದೆ. ಇಷ್ಟಕ್ಕೂ ಕೂಗುವ ಬಾಯಿ ಯಾವುದು? ಕಬ್ಬಿಣ ಕಾಯಿಸಿ ಆ ಏರ್ಪಾಡು ಕಿತ್ತು ತೆಗೆದ ಕೈ ಇದೇ. ಅದೊಂದು ಅಲ್ಲಿ ಇದ್ದಿದ್ದರೆ ವಾಯರ್‌ಲೆಸ್ಸು ಧಕ್ಕೆಯಲ್ಲೇ ಮೂಗನಾಗಿ ನಿಂತು, ಎಂಟು ದಿನಕ್ಕೆ ಹಲಗೆ ಬಿಚ್ಚಿಸುತ್ತಿತ್ತು. ಇಪ್ಪತ್ತೆರಡು ಬೋಟಿನ ಆಸೆಗೆ ಅವನೂ ಸುಮ್ಮನಿದ್ದವನೇ. ಸಣ್ಣ ಅನ್ನಕ್ಕೆ ಸುಮ್ಮನಿದ್ದ, ತಾನು ಹೆಸರಿನಾಸೆಗೆ. ಅನ್ನವೇ ದೊಡ್ಡದು.

ಡಬ್ಬಿಗೆ ಬರುವ ತಂತಿಯ ಬುಡವೊಂದು ಸಡಿಲಾಗಿತ್ತು. ಮಾಬ್ಲ ಉಗುರಿನಿಂದಲೇ ಸ್ಕ್ರೂ ಬಿಗಿ ಮಾಡಿದ. “ಇದು ಸಡಿಲ ಆಪೂಕೆ ಬಿಡಬ್ಯಾಡ” ಎಂದು ಎದ್ದ.

ಕುಮಟೆಗೆ ಮರಳುವ ಬಸ್ಸಿನಲ್ಲಿ ನೀಲಾ ಕಿಟಕಿಯ ಪಕ್ಕ ಕೂತಿದ್ದಳು. ತದಡಿ ದಾಟುತ್ತಲೇ ಕೇಳಿದಳು: “ಸಣ್ಣ ಅಷ್ಟೊತ್ತು ಎಂತ ಹೇಳ್ತಿದ್ದ?”

“ಎಂತ ಇಲ್ಲ. ರೇಡಿಯೋ ಚಲೋ ಕೇಳ್ತದೆ ಅಂದ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಮ್ಮ ಸಾಯೂ ಮುಂಚಿನ ದಿನವೂ ನಿಮ್ಮ ಡಬ್ಬಿ ಹೆಸರು ಹಿಡಿದು ಬೈತಿತ್ತಂತೆ” ಎಂದಳು.

ಕಂಡಕ್ಟರು ಬಂದಾಗ ಮಾಬ್ಲ ಕುಮಟೆಗೆ ಎರಡು ಟಿಕೆಟು ತೆಗೆದ.